ಬೂಮಕ್ಕೆ ಹಾಕಿದ ಎರಡು ಎಲೆ

ನನ್ನ ಮದುವೆಯ ಬೂಮಕ್ಕೆ ಎರಡು ಎಲೆ ಹಾಕಿದ್ದರು.

ಬೂಮ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಧಾರೆ ಮುಗಿದ ಮೇಲೆ ಹೆಣ್ಣನ್ನೂ ಗಂಡನ್ನೂ ಒಂದೇ ಎಲೆಯ ಮುಂದೆ ಕೂರಿಸುತ್ತಾರೆ. ಅನ್ನ, ಬೆಲ್ಲ, ತುಪ್ಪ, ಬಾಳೆಹಣ್ಣು ಬಡಿಸುತ್ತಾರೆ. ಸುತ್ತ ನೆಂಟರು ನಿಂತು ರೇಗಿಸುತ್ತಿರುವಾಗ ಅವನು ಇವಳಿಗೆ ತುತ್ತು ಕೊಡಬೇಕು, ಇವಳು ಅವನಿಗೆ. ನನ್ನನ್ನು ಸಾಕಿ, ಮಾತು ಕಲಿಸಿದವಳು ಮಿರ್ಲೆಯ ನನ್ನಜ್ಜಿ. ಎಷ್ಟೋ ಮದುವೆಗಳಲ್ಲಿ ಬೂಮದ ಎಲೆ ಹಾಸಿದವಳೂ ಅವಳೇ. "ಒಂದೆಲೇಲಿ ಉಂಡೋರು ಒಂದ್ ಮಾತ್ನಾಗೆ ಬದುಕ್ಬೇಕು ಕಣವ್ವ" ಅನ್ನುತ್ತಿದ್ದಳು.

ನಾವಿಬ್ಬರೂ ಕೂತೆವು. ಅಜ್ಜಿ ಎಲೆಗೆ ನೀರು ಚಿಮುಕಿಸಿದಳು. ಅಷ್ಟರಲ್ಲಿ ಗಂಡಿನ ತಾಯಿ, ಹನಗೋಡಿನ ನನ್ನತ್ತೆ, ಜನರನ್ನು ಸರಿಸಿಕೊಂಡು ಬಂದು ಇನ್ನೊಂದು ಎಲೆಯನ್ನು ಮಗನ ಮುಂದೆ ಹಾಸಿಬಿಟ್ಟರು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಏನ್ ಬೀಗಿತ್ತಿ, ನಿಮ್ಮೂರಲ್ಲಿ ಎಲೆ ಎಚ್ಚಾಗ್ಬುಟ್ಟಾವಾ?"

"ನಮ್ಮನೆ ಕಡೆ ಇಂಗೇ ಕಣಮ್ಮ. ಮನೆಗ್ ಬಂದ ಸೊಸೆಗೆ ನಾವು ಎಂಜಲು ಉಣ್ಸಕಿಲ್ಲ."

"ಬೂಮದಲ್ಲಿ ಎಂಜಲು ಎಲ್ಲಿಂದ ಬಂತು? ನನ್ ಕೂದಲು ಬೆಳ್ಳಗಾದ್ವು, ಇಂಥದ್ದ ಕೇಳಿಲ್ಲ ಕಣೇ!"

ಅಜ್ಜಿ ಇನ್ನೂ ಆಡುತ್ತಿದ್ದಳೋ ಏನೋ. ನಮ್ಮಪ್ಪ ಅಡ್ಡ ಬಂದು, "ಓಗ್ಲಿ ಬುಡವ್ವ. ಅವರವರ ಮನೆ ಪದ್ಧತಿ" ಅಂದ. ಯಾವ ವಿಷಯಕ್ಕೂ ತಾಯಿಯ ಮಾತು ಮೀರದ ಅಪ್ಪ ಅಂದು ಮೀರಿದ. ಎಲ್ಲರೂ ನಕ್ಕರು, ನಾನೂ ತಲೆ ತಗ್ಗಿಸಿ ನಕ್ಕೆ. ಎರಡು ಎಲೆಯಲ್ಲೇ ಬೂಮ ಆಯಿತು.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ಹನಗೋಡಿನ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹಟ್ಟಿಯ ಪಕ್ಕದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ನನ್ನ ಗಂಡ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಅವರ ತಟ್ಟೆ ಬೇರೆ, ತಳಕ್ಕೆ ಮೊಳೆಯಲ್ಲಿ ಗುರುತು ಗೀರಿದ ಲೋಟ ಬೇರೆ. ಎರಡನ್ನೂ ಅತ್ತೆ ತಾವೇ ಬೂದಿ ಹಾಕಿ ಉಜ್ಜುತ್ತಿದ್ದರು. ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣಬೇಕು ಅಂತ ಅಜ್ಜಿ ಹೇಳಿ ಕಳಿಸಿದ್ದಳಲ್ಲ, ಮೊದಲ ದಿನ ನಾನು ಹಾಗೇ ಕೂರಲು ಹೋದೆ. ಅತ್ತೆ ತಟ್ಟೆ ಕಿತ್ತುಕೊಂಡರು.

"ನೀನೇನ್ ಈ ಮನೆ ಆಳಾ? ನಿಂಗ್ ಬ್ಯಾರೆ ತಟ್ಟೆ ಅದೆ ಕಣವ್ವ."

ಆ ಅಕ್ಕರೆಗೆ ನನಗೆ ಕಣ್ಣು ತುಂಬಿ ಬಂತು. ಮಿರ್ಲೆಗೆ ಹೋದಾಗಲೆಲ್ಲ ಇದೇ ಸುದ್ದಿ ನನ್ನದು. "ನಮ್ಮತ್ತೆ ನಂಗೆ ಎಂಜಲು ಮುಟ್ಟಕ್ಕೇ ಬುಡಲ್ಲ, ಮಗಳಂಗೆ ನೋಡ್ಕತ್ತಾರೆ" ಅಂತ ಬಾವಿಕಟ್ಟೆಯಲ್ಲಿ ಹೇಳಿ ಹೇಳಿ ಓರಗೆಯವರ ಹೊಟ್ಟೆ ಉರಿಸುತ್ತಿದ್ದೆ. ಅಜ್ಜಿಯೂ ಕೊನೆಗೆ ಒಪ್ಪಿದಳು: "ಬೀಗಿತ್ತಿ ಬಾಯಿ ಒರಟು, ಮನ್ಸು ಒಳ್ಳೇದು ಬುಡು." ಅದೇ ಮಾತಿಟ್ಟುಕೊಂಡು ಅವಳು ತೀರಿಕೊಂಡಳು. ಮುಂದಿನದನ್ನು ಅವಳು ನೋಡಲಿಲ್ಲ, ಅದೊಂದು ಪುಣ್ಯ.

ಮದುವೆಯಾಗಿ ಮೂರ್ನಾಲ್ಕು ತಿಂಗಳಿಗೆ ನನಗೆ ಸುಸ್ತು ಹತ್ತಿತು. ಅನ್ನ ಕಂಡರೆ ವಾಕರಿಕೆ, ಮೈ ಬಿಸಿ, ಮೂಳೆಯೆಲ್ಲ ನೋವು. ಕೇರಿಯವರು "ಏನ್ ವಿಶೇಷನಾ?" ಅಂತ ಕಣ್ಣು ಮಿಟುಕಿಸಿದರು. ಅದೇನೂ ಇರಲಿಲ್ಲ. ಉಚ್ಚೆ ಹರಳೆಣ್ಣೆಯ ಬಣ್ಣಕ್ಕೆ ತಿರುಗಿದಾಗ ಹೆದರಿ ಅತ್ತೆಗೆ ಹೇಳಿದೆ. "ಪಿತ್ತ ಕಣವ್ವ. ಬ್ಯಾರನ್ ಕಾವು ನಿಂಗೆ ಒಸತು" ಅಂದರು.

ಅವತ್ತೇ ಗೋಡೆಯ ಮೇಲಿನ ಕನ್ನಡಿ ಇಳಿಸಿ ಪೆಟ್ಟಿಗೆಗೆ ಹಾಕಿದರು. ಜ್ವರದಲ್ಲಿ ಮುಖ ನೋಡಿಕೊಂಡರೆ ಜ್ವರ ಇಳಿಯುವುದಿಲ್ಲವಂತೆ. ದಿನಾ ಬೆಳಿಗ್ಗೆ ಅರಿಶಿನದ ಕೊಂಬು ತೇಯ್ದು ತಾವೇ ನನ್ನ ಮುಖಕ್ಕೆ, ಕತ್ತಿಗೆ, ಕೈಗೆ ಹಚ್ಚುತ್ತಿದ್ದರು. ಹೊಸ ಮದುವಣಗಿತ್ತಿ ಅರಿಶಿನ ಬಳಿದುಕೊಂಡಿದ್ದರೆ ಯಾರು ಏನು ಕೇಳುತ್ತಾರೆ? "ಸೊಸೆ ಮುಖ ಲಕ್ಷ್ಮಿ ಅಂಗದೆ" ಅಂತ ಹೊಗಳಿದವರೂ ಇದ್ದರು.

ಒಂದು ದಿನ ನನ್ನನ್ನು ಬಸ್ಸಿನಲ್ಲಿ ಕೋಟೆ ಪಟ್ಟಣಕ್ಕೆ, ಅಲ್ಲಿಂದ ಅಂತರಸಂತೆಗೆ ಕರೆದುಕೊಂಡು ಹೋದರು. ಕಾಡಂಚಿನ ಮನೆಯೊಂದರಲ್ಲಿ ಸೊಪ್ಪಿನ ಔಷಧಿ ಕೊಡುವ ಮುದುಕ ನನ್ನ ರೆಪ್ಪೆ ಎಳೆದು ನೋಡಿದ. ಆಮೇಲೆ ಅತ್ತೆಯ ಮುಖ ನೋಡಿದ. ಅತ್ತೆ ಏನು ಸನ್ನೆ ಮಾಡಿದರೋ, "ಪಿತ್ತ ಏರ್ಬುಟ್ಟದೆ. ಓದ್ಸಲ ಕೊಟ್ಟಿದ್ದ ಸೊಪ್ಪೇ ಆಯ್ತದೆ" ಅಂದ. ಯಾವ ಹೋದ ಸಲ ಅಂತ ನಾನು ಕೇಳಲಿಲ್ಲ. ಮಜ್ಜಿಗೆಯಲ್ಲಿ ಅರೆದುಕೊಟ್ಟ ಕಹಿಯನ್ನು ಕಣ್ಣು ಮುಚ್ಚಿ ಕುಡಿದೆ. ಎಣ್ಣೆ ಇಲ್ಲದ, ಖಾರ ಇಲ್ಲದ ಪಥ್ಯ. ಒಂದು ತಿಂಗಳಾಗುವ ಹೊತ್ತಿಗೆ ಹಸಿವು ಬಂತು. ಕನ್ನಡಿ ಗೋಡೆಗೆ ವಾಪಸ್ಸು ಬಂತು. ಅತ್ತೆ ಹರಕೆ ತೀರಿಸಿದರು. ನನಗೆ ಅವರ ಮೇಲಿದ್ದ ಪ್ರೀತಿ ಇಮ್ಮಡಿಯಾಯಿತು.

ಹೀಗೆ ಎರಡು ವರ್ಷ ಕಳೆಯಿತು. ನಾನು ಬಸುರಿಯಾದೆ. ಮೂರು ತಿಂಗಳು ತುಂಬಿದ್ದಾಗ ಮಿರ್ಲೆಯಿಂದ ಸುದ್ದಿ ಬಂತು. ಕೆ.ಆರ್. ನಗರದ ದಾರಿಯಲ್ಲಿ ನನ್ನಣ್ಣನ ಬೈಕು ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿ, ಅವನನ್ನು ಮೈಸೂರಿಗೆ ಒಯ್ದಿದ್ದಾರೆ ಅಂತ. ನಾನೂ ನನ್ನ ಗಂಡನೂ ಓಡಿದೆವು. ರಕ್ತ ಬೇಕು ಅಂದಿದ್ದರು. ಮಿರ್ಲೆಯ ಗಂಡಸರು ಟೆಂಪೋ ತುಂಬಿಕೊಂಡು ಬಂದು ತೋಳು ಮಡಚಿ ಸಾಲು ನಿಂತಿದ್ದರು. "ಕುಡಿದಿರೋರ್ನ ತಕ್ಕಳಲ್ವಂತೆ ಕಣ್ಲಾ, ನೀನು ಮನೇಗ್ ನಡಿ" ಅಂತ ಆ ಸಂಕಟದಲ್ಲೂ ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. ನನ್ನ ಗಂಡ ಮಾತ್ರ ಅಲ್ಲಿರಲಿಲ್ಲ. ಹುಡುಕಿದರೆ ಗೇಟಿನ ಹೊರಗೆ ಟೀ ಅಂಗಡಿಯ ಮುಂದೆ ನಿಂತಿದ್ದರು.

"ಏನ್ರೀ, ಎಲ್ಲಾರೂ ಕೊಡ್ತಾವ್ರೆ, ನೀವಿಲ್ಲಿ ನಿಂತಿದ್ದೀರಲ್ಲ?"

"ಜನ ಬೇಕಾದಷ್ಟ್ ಅವ್ರೆ ಬುಡಮ್ಮಿ."

"ಎಲ್ ಅವ್ರೆ? ಇನ್ನೂ ಬೇಕು ಅಂತ ನರ್ಸಮ್ಮ ಈಗ ಅಂದ್ರು. ಸೂಜಿ ಕಂಡ್ರೆ ಭಯನಾ? ಬನ್ನಿ, ನಾನೇ ಕೈ ಇಡ್ಕತೀನಿ."

ಅವರು ನಗಲಿಲ್ಲ. ನನ್ನ ಹಿಂದೆಯೇ ಬಂದಿದ್ದ ಅಪ್ಪ, "ಅಳಿಯಂದ್ರು ಬ್ಯಾಡ ಬುಡು ಮಗ, ಸೊಪ್ಪಿನ ಕೆಲ್ಸದಲ್ಲಿ ನಿದ್ದೆಗೆಟ್ಟವ್ರೆ" ಅಂದು ಸರಸರ ಒಳಗೆ ಹೋಗಿಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು.

"ನಮ್ಮಣ್ಣ ಅಂದ್ರೆ ನಿಮ್ಗೆ ದಾರೀಲ್ ಓಗೋನಾ? ಒಂದ್ ತೊಟ್ಟು ರಕ್ತ ಕೊಡಕ್ಕೆ ಇಷ್ಟೊಂದು ಇಂದೆ ಮುಂದೆ ನೋಡೋ ಗಂಡ್ಸು ನೀವು ಅಂತ ನಂಗ್ ಗೊತ್ತಿರ್ನಿಲ್ಲ."

"ಅಂಗಲ್ಲ ಕಣಮ್ಮಿ." ಲೋಟ ಕೆಳಗಿಟ್ಟರು. "ನನ್ ರಕ್ತ ಅವ್ರು ತಕ್ಕಳಲ್ಲ."

ಟೀ ಅಂಗಡಿಯ ಸ್ಟವ್ ಬುಸುಗುಡುತ್ತಿತ್ತು. ಅದರ ಸದ್ದಿನಲ್ಲೇ ಅವರು ಹೇಳಿದ್ದನ್ನು ಕೇಳಿದೆ. ಮದುವೆಗೆ ಮುಂಚೆ ಊರ ಹುಡುಗರ ಜತೆ ಹುಣಸೂರಿನಲ್ಲಿ ರಕ್ತ ಕೊಟ್ಟಿದ್ದರಂತೆ. ಆಮೇಲೆ ಅವರನ್ನು ಕರೆಸಿ, ನಿನ್ನ ರಕ್ತದಲ್ಲಿ ಕಾಮಾಲೆಯ ಒಂದು ಜಾತಿ ಇದೆ, ಹೆಪಟೈಟಿಸ್ ಬಿ ಅನ್ನುತ್ತಾರೆ, ನಿನಗೆ ಏನೂ ಅನ್ನಿಸದೆ ಇದ್ದರೂ ಅದು ಒಳಗೇ ಇರುತ್ತದೆ ಅಂದರಂತೆ. ಇನ್ನೊಂದು ಮಾತನ್ನೂ ಹೇಳಿದ್ದರು.

"ಮದ್ವೆ ಆಗೋ ಉಡ್ಗಿಗೆ ಮೊದ್ಲೇ ಮೂರು ಇಂಜೆಕ್ಷನ್ ಆಕ್ಸು, ಆಗ ಅವ್ಳಿಗೆ ಬರಕಿಲ್ಲ ಅಂದಿದ್ರು."

"ಆಕುಸ್ಬೋದಿತ್ತಲ್ಲ?"

"ಆಕ್ಸುದ್ರೆ ಯಾಕೆ ಅಂತ ಕೇಳ್ತಿದ್ದಲ್ಲ ನೀನು."

ಇಷ್ಟು ವರ್ಷದಲ್ಲಿ ಆ ಮನುಷ್ಯ ನನ್ನ ಜತೆ ಆಡಿದ ಮಾತುಗಳಲ್ಲಿ ಇದರಷ್ಟು ನೇರವಾದದ್ದು ಇನ್ನೊಂದಿಲ್ಲ. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವರಿಗೂ ಅದು ಕಂಡಿತು. ಕಣ್ಣು ಬೇರೆ ಕಡೆ ಹೊರಳಿಸಿ, "ನಿಮ್ಮಪ್ಪಂಗೂ ಗೊತ್ತು" ಅಂದರು.

ಅಣ್ಣ ಬದುಕಿಕೊಂಡ. ನಾನು ಹನಗೋಡಿಗೆ ಹೋಗದೆ ನೇರ ಹುಣಸೂರಿನ ಡಾಕ್ಟರಮ್ಮನ ಹತ್ತಿರ ಹೋದೆ. ಹಿಂದೆಯೇ ನನ್ನ ಗಂಡ ಬಂದರು. ನಾನು ಬರಬೇಡಿ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

ಬಸುರಿ ಅಂತ ಕೇಳಿದ ಕೂಡಲೇ ಡಾಕ್ಟರಮ್ಮ ನನ್ನ ರಕ್ತ ತೆಗೆಸಿ ಮೈಸೂರಿಗೆ ಕಳಿಸಿದರು. "ತಾಯಿಗೆ ಇದ್ರೆ ಹೆರಿಗೆಯಲ್ಲಿ ಮಗುವಿಗೂ ಬರಬಹುದು. ಅದನ್ನ ತಡೆಯೋಕೆ ದಾರಿ ಇದೆ, ಆದ್ರೆ ಮೊದ್ಲು ನಮಗೆ ಗೊತ್ತಿರಬೇಕು" ಅಂದರು.

"ನಾವು ತಟ್ಟೆ ಲೋಟ ಎಲ್ಲಾ ಬ್ಯಾರೆ ಮಡಗಿದ್ದೀವಿ ಮೇಡಂ" ಅಂದರು ನನ್ನ ಗಂಡ, ದೊಡ್ಡ ಜವಾಬ್ದಾರಿ ನಿಭಾಯಿಸಿದವರ ಹಾಗೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ತಟ್ಟೆ ಲೋಟದಿಂದ ಬರೋ ಕಾಯಿಲೆ ಅಲ್ಲ ಇದು. ಒಟ್ಟಿಗೆ ಕೂತು ಉಂಡ್ರೂ ಬರಲ್ಲ. ರಕ್ತದಿಂದ ಬರುತ್ತೆ, ಒಬ್ಬರ ಶೇವಿಂಗ್ ಬ್ಲೇಡು ಇನ್ನೊಬ್ಬರು ಬಳಸಿದ್ರೆ ಬರಬಹುದು. ಗಂಡ ಹೆಂಡತಿ ಕೂಡಿದ್ರೆ ಬರುತ್ತೆ. ಹೆಂಡತಿಗೆ ಇಂಜೆಕ್ಷನ್ ಆಗೋ ತನಕ ನಿರೋಧ್ ಬಳಸಬೇಕಿತ್ತು. ನಿಮಗೆ ಯಾರೂ ಹೇಳ್ಲಿಲ್ವಾ?"

ಹೇಳಿದ್ದರು.

ನಾನು ಗೋಡೆ ನೋಡುತ್ತಾ ಕೂತಿದ್ದೆ. ಎಲೆ ಬೇರೆ, ತಟ್ಟೆ ಬೇರೆ, ಲೋಟ ಬೇರೆ. ಹಾಸಿಗೆ ಮಾತ್ರ ಒಂದು. ಆ ಹಾಸಿಗೆಯನ್ನು ದಿನಾ ಕೊಡವಿ ಹಾಸಿ, "ಒಳಿಕ್ ಓಗವ್ವ, ವತ್ತಾಯ್ತು" ಅಂತ ನನ್ನನ್ನು ಕಳಿಸುತ್ತಿದ್ದವರೂ ಆ ನನ್ನತ್ತೆಯೇ.

ಫಲಿತಾಂಶ ಬರುವ ತನಕ ಮಿರ್ಲೆಯಲ್ಲಿದ್ದೆ. ಅಪ್ಪ ನನ್ನ ಕಣ್ಣಿಗೆ ಬೀಳದಂತೆ ಗದ್ದೆ, ಹಟ್ಟಿ, ಆಸ್ಪತ್ರೆ ಅಂತ ತಿರುಗುತ್ತಿದ್ದ. ಒಂದು ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ ಹಿಡಿದೆ. ಹಸುವಿನ ಕೆಳಗಿಂದ ಎದ್ದು ಓಡುವ ಹಾಗಿಲ್ಲವಲ್ಲ.

"ನಿಂಗ್ ಗೊತ್ತಿತ್ತಂತೆ."

ಹಾಲಿನ ಸದ್ದು ನಿಂತಿತು. "ಕಾಮಾಲೆ ಆಗಿತ್ತು, ಈಗ ವಾಸಿಯಾಯ್ತು ಅಂದಿದ್ರು ಕಣಮ್ಮಿ. ಕಾಮಾಲೆ ಯಾರಿಗ್ ಬರಕಿಲ್ಲ? ಉಡ್ಗ ಚಿನ್ನದಂಥೋನು, ಕುಡಿಯಕಿಲ್ಲ, ಕೆಟ್ ಚಾಳಿ ಇಲ್ಲ…"

"ಇಂಜೆಕ್ಷನ್ ಇಸ್ಯ?"

ಅವನು ಹಸುವಿನ ಬಾಲ ಸರಿಸಿದ. "ಅದ್ನೂ ಅಂದಿದ್ರು. ಮದ್ವೆಗ್ ಮುಂಚೆ ಉಡ್ಗಿಗೆ ಸೂಜಿ ಆಕ್ಸುದ್ರೆ ಊರೋರು ಏನಂದ್ಕತ್ತಾರೆ ಅಂತ… ನಿಂಗ್ ಯೋಳಿದ್ರೆ ನೀನ್ ಒಪ್ತಿದ್ದಾ?"

"ಒಪ್ತಿದ್ನೋ ಏನೋ. ಕೇಳಿದ್ರೆ ತಾನೇ ಗೊತ್ತಾಗದು."

ಅಪ್ಪ ಮತ್ತೆ ಕರೆಯಲು ಕೂತ. ಹಸು ಹಾಲು ಬಿಡಲಿಲ್ಲ, ಒದೆಯಿತು.

ಗಂಡ ಮುಚ್ಚಿಟ್ಟದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಟ್ಟಿತು ಅಂದರೆ ನಂಬಬೇಕು. ಗಂಡ ಆಗ ಹೊರಗಿನವನು. ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದವನು. ಬೂಮದ ದಿನ ತಾಯಿಯ ಮಾತು ಮೀರಿ "ಓಗ್ಲಿ ಬುಡವ್ವ" ಅಂದವನು, ಆ ಎರಡನೆಯ ಎಲೆ ಯಾಕೆ ಬಂತೆಂದು ತಿಳಿದೇ ಅಂದಿದ್ದ. ಅಜ್ಜಿ ಹೇಳುತ್ತಿದ್ದಳು: ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ರಾಗಿಯೂ ಮುಚ್ಚಿಟ್ಟ ಮಾತೂ ಒಂದೇ, ತೆಗೆಯುವ ಹೊತ್ತಿಗೆ ಮೇಲಿನ ಪದರ ಮುಗ್ಗಿರುತ್ತದೆ ಅಂತ. ನನ್ನ ಪಾಲಿಗೆ ತಳದ ತನಕ ಮುಗ್ಗಿತ್ತು.

ಮತ್ತೆ ಹುಣಸೂರಿಗೆ ಹೋದ ದಿನ ನನ್ನ ಗಂಡ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದರು. ಡಾಕ್ಟರಮ್ಮ ನಗುಮುಖದಲ್ಲಿದ್ದರು.

"ನಿಮ್ಮ ರಕ್ತದಲ್ಲಿ ಕಾಯಿಲೆ ಇಲ್ಲಮ್ಮ. ಆದ್ರೆ ಬಂದು ಹೋಗಿರೋ ಗುರುತಿದೆ. ಕಳ್ಳ ಬಂದಿದ್ದ, ನಿಮ್ಮನೆ ನಾಯಿ ಓಡಿಸಿದೆ ಅಂತ ಇಟ್ಕೊಳ್ಳಿ. ದೊಡ್ಡೋರಿಗೆ ಬಂದ್ರೆ ಹೆಚ್ಚಿನವರ ಮೈ ತಾನೇ ಓಡಿಸುತ್ತೆ, ಕೆಲವರಲ್ಲಿ ಉಳ್ಕೊಳ್ಳುತ್ತೆ. ನಿಮ್ಮಿಂದ ಮಗುವಿಗೆ ಬರೋ ಭಯ ಇಲ್ಲ. ಅಪ್ಪನಿಗೆ ಇರೋದ್ರಿಂದ, ಹುಟ್ಟಿದ ದಿನವೇ ಮಗುವಿಗೆ ಇಂಜೆಕ್ಷನ್ ಹಾಕ್ಸಿ. ಅಂದ ಹಾಗೆ, ನಿಮಗೆ ಕಾಮಾಲೆ ಆಗಿದ್ದು ಯಾವಾಗ?"

"ನಂಗೆ ಕಾಮಾಲೆ ಆಗೇ ಇಲ್ಲ ಮೇಡಂ."

"ನೆನಪು ಮಾಡ್ಕೊಳ್ಳಿ. ಮದುವೆ ಆದ ಹೊಸದರಲ್ಲಿ ಜ್ವರ, ವಾಂತಿ, ಕಣ್ಣು ಹಳದಿ…"

ಕಣ್ಣು ಹಳದಿ ಆಗಿತ್ತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಕನ್ನಡಿ ಪೆಟ್ಟಿಗೆಯಲ್ಲಿತ್ತು. ಮುಖದ ಮೇಲೆ ಅರಿಶಿನವಿತ್ತು. ನನ್ನ ಗಂಡ ನೆಲ ನೋಡುತ್ತಿದ್ದರು. ಆ ನೋಟದಲ್ಲೇ ತಿಳಿಯಿತು. ನಾನು ಹಳದಿಯಾಗುತ್ತಿದ್ದುದನ್ನು ಮನೆಯವರೆಲ್ಲ ದಿನಾ ನೋಡಿದ್ದರು, ನಾನೊಬ್ಬಳೇ ನೋಡಿರಲಿಲ್ಲ.

ಹೊರಗೆ ಬಂದ ಮೇಲೆ ಅವರು ದೊಡ್ಡ ಉಸಿರು ಬಿಟ್ಟರು. "ಸದ್ಯ, ಏನೂ ಆಗ್ನಿಲ್ವಲ್ಲ ಕಣಮ್ಮಿ."

ನನಗೆ ನಗು ಬಂತು. ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡುವಷ್ಟು ನಕ್ಕೆ. ನಾಯಿ ಕಳ್ಳನನ್ನು ಓಡಿಸಿದ್ದಕ್ಕೆ, ಬಾಗಿಲು ತೆಗೆದುಕೊಟ್ಟವರೂ ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ಮನೆಯವರೆಲ್ಲರ ರಕ್ತ ನೋಡಿಸಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ಇಂಥವರಿಗೆ ಹಲವು ಸಲ ಹುಟ್ಟುವಾಗಲೇ ತಾಯಿಯಿಂದ ಬಂದಿರುತ್ತದಂತೆ. ನಾನು ಹನಗೋಡಿಗೆ ಹಿಂತಿರುಗಿದೆ. ಬಸುರಿ ಹೆಂಗಸು ಹೊಟ್ಟೆ ಹೊತ್ತು ಎಲ್ಲಿಗೆ ಹೋಗಲಿ? ಮಿರ್ಲೆಯೂ ಆಗ ನನಗೆ ಮನೆ ಅನ್ನಿಸುತ್ತಿರಲಿಲ್ಲ. ಅತ್ತೆಯನ್ನೂ ಹುಣಸೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಡಿಸಿದರು ನನ್ನ ಗಂಡ, ಏನಕ್ಕೆ ಅಂತ ಹೇಳದೆ. ಅಷ್ಟರಲ್ಲಿ ಬಂದ ಹಬ್ಬ ಕಳೆದ ಮಾರನೆಯ ದಿನ ಹೋಗಿ ಫಲಿತಾಂಶ ಕೇಳಿಕೊಂಡು ಬಂದವರು ಹಿತ್ತಲಿಗೆ ನನ್ನನ್ನು ಕರೆದರು.

"ಅವ್ವಂಗೂ ಅದಂತೆ. ಅವ್ವಂಗ್ ಯೋಳೋದ್ ಬ್ಯಾಡ ಕಣಮ್ಮಿ. ವಯಸ್ಸಾಯ್ತು, ಸುಮ್ಕೆ ನೊಂದ್ಕತ್ತದೆ. ನಾವೇ ನೋಡ್ಕಳವ."

"ನನ್ ಇಸ್ಯದಲ್ಲೂ ಇಂಗೇ ಅಂದ್ಕಂಡ್ರಾ ಎಲ್ಲಾರೂ ಸೇರ್ಕಂಡು?"

ಅವರು ಬ್ಯಾರನ್ ಕಡೆ ಹೊರಟುಹೋದರು.

ಅತ್ತೆ ಜಗಲಿಯ ಮೇಲೆ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಅವರ ರಕ್ತದಲ್ಲೂ ಇರುವುದನ್ನು, ಪ್ರಾಯಶಃ ಹೆತ್ತಾಗಲೇ ಮಗನಿಗೆ ಹೋಗಿರುವುದನ್ನು, ತಟ್ಟೆಯಿಂದ ಬರುವುದಿಲ್ಲ ಎನ್ನುವುದನ್ನು. ಇರುವವರು ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದರೆ ಬದುಕಬಹುದು ಎನ್ನುವುದನ್ನೂ ಹೇಳಿದೆ. ದಾರ ಸುತ್ತುತ್ತಿದ್ದ ಅವರ ಕೈ ನಿಂತಿತು.

"ಅಂಗಾರೆ ನನ್ ಮಗಂಗೆ ನಾನೇ ಕೊಟ್ನಾ? ಎಲ್ಲೋ ಓಟ್ಲಲ್ಲಿ ಉಂಡು ತಂದ್ಕಂಡ ಅಂತ ಇಷ್ಟ್ ವರ್ಸ ಅವನ್ನ ಬೈದ್ನಲ್ಲವ್ವ."

"ನೀವು ಗೊತ್ತಿಲ್ದೆ ಕೊಟ್ರಿ ಅತ್ತೆ. ಗೊತ್ತಿಲ್ದೆ ಕೊಟ್ಟೋರ ಮ್ಯಾಲೆ ಏನ್ ಕ್ವಾಪ?"

ಅಷ್ಟಕ್ಕೇ ನಿಲ್ಲಿಸಿದೆ. ಉಳಿದರ್ಧ ಮಾತನ್ನು ಆಡಬೇಕಾಗಿ ಬರಲಿಲ್ಲ. ಬ್ಯಾರನ್ ಬಾಗಿಲಲ್ಲಿ ಕಡ್ಡಿ ಜೋಡಿಸುತ್ತಿದ್ದ ನನ್ನ ಗಂಡ ಕಡ್ಡಿ ಹಿಡಿದೇ ನಿಂತುಬಿಟ್ಟಿದ್ದರು. ನಾನು ಆಡದ ಆ ಮಾತು ಅತ್ತೆಗೂ ಕೇಳಿಸಿತು ಅಂತ ಕಾಣುತ್ತದೆ. ಸೆರಗಿನಿಂದ ಮೂಗೊರೆಸಿಕೊಂಡು, "ಕನ್ನಡಿ ನಾನೇ ತಗ್ದು ಮಡಗಿದ್ದೆ ಕಣವ್ವ" ಅಂದರು.

"ಗೊತ್ತು."

"ನಂಗ್ ತಿಳ್ದಂಗೆ ನಿನ್ನ ಕಾಪಾಡ್ದೆ ಅಂದ್ಕಂಡಿದ್ದೆ. ಎಲೆ ಬ್ಯಾರೆ ಮಾಡಿದ್ನಲ್ಲ."

ಅದೂ ಸುಳ್ಳಲ್ಲ. ಇವತ್ತಿಗೂ ಅದನ್ನು ಯಾವ ಕಡೆಗೆ ಇಡಬೇಕೋ ನನಗೆ ಗೊತ್ತಾಗಿಲ್ಲ. ಬೇರೆ ಎಲೆ ಹಾಕುವಷ್ಟು ಕರುಣೆ ಇತ್ತು. ಯಾಕೆ ಹಾಕಿದೆ ಅಂತ ಹೇಳುವಷ್ಟು ಇರಲಿಲ್ಲ.

ಮಗಳು ಹುಟ್ಟಿದ ದಿನವೇ ಅವಳ ಪುಟ್ಟ ತೊಡೆಗೆ ಇಂಜೆಕ್ಷನ್ ಹಾಕಿಸಿದೆ. ಯಾಕೆ ಅಂತ ಕೇಳಿದವರಿಗೆಲ್ಲ ಅತ್ತೆಯೇ ಯಾಕೆ ಅಂತ ಹೇಳಿದರು. ಆದರೆ ಅದು ಆಮೇಲಿನ ಮಾತು.

ಆ ಮಧ್ಯಾಹ್ನ, ಹಬ್ಬಕ್ಕೆ ಕುಯ್ದು ಉಳಿದಿದ್ದ ಬಾಳೆ ಎಲೆಗಳಲ್ಲಿ ಅತ್ತೆ ಒಂದನ್ನು ತೆಗೆದುಕೊಂಡು ಹೋಗಿ, ಒಲೆಯ ಆಚೆ ಮೂಲೆಯಲ್ಲಿ ತಮಗೊಬ್ಬರಿಗೇ ಹಾಸಿಕೊಂಡರು. ನಾನು ಅದನ್ನು ಎಳೆದು ತಂದು ನನ್ನ ಎಲೆಯ ಪಕ್ಕಕ್ಕೆ ಹಾಕಿದೆ. ಎರಡನ್ನೂ ಒಂದು ಮಾಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಅಂದು ನನಗಿರಲಿಲ್ಲ. "ಕೂತ್ಕಳಿ ಅತ್ತೆ, ಮುದ್ದೆ ಆರ್ತದೆ" ಅಂದೆ. ಕೂತರು.

ನನ್ನ ಗಂಡ ಕೈ ತೊಳೆದುಕೊಂಡು ಒಳಗೆ ಬಂದರು. ಅವರ ತಟ್ಟೆ, ಗೀರಿದ ಲೋಟ ಎಂದಿನ ಗೂಡಿನಲ್ಲೇ ಇದ್ದವು. ಅವರು ಅವನ್ನು ಮುಟ್ಟಲಿಲ್ಲ. ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಸಾರು ಬಡಿಸುತ್ತಲೇ ಇದ್ದೆ. ಕೊನೆಗೆ ತಾವೇ ಬಗ್ಗಿ ಒಂದು ಎಲೆ ಎತ್ತಿಕೊಂಡರು. ನೀರು ಚಿಮುಕಿಸಿ ಒರೆಸಿದರು. ಆಮೇಲೆ, ಎಲ್ಲಿ ಹಾಸುವುದು ಅಂತ ತಿಳಿಯದೆ, ಯಾರಾದರೂ ಹೇಳಲಿ ಅಂತ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.